ಕಥಾಸಾಹಿತ್ಯದಲ್ಲಿ ಯಾಪ್ಯರೋಗ

ನಮ್ಮ ಆಯುರ್ವೇದದ ಆಚಾರ್ಯರು ರೋಗಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವರು. ಸುಲಭವಾಗಿ ಗುಣವಾಗತಕ್ಕದ್ದು ಸುಖಸಾಧ್ಯ. ಕಷ್ಟಪಟ್ಟರೆ ಗುಣವಾಗತಕ್ಕದ್ದು ಕೃಚ್ಛ್ರಸಾಧ್ಯ. ಯಾವ ಉಪಾಯಕ್ಕೂ ಬಗ್ಗದೆ ಪ್ರಾಣವನ್ನು ಕೊಳ್ಳತಕ್ಕದ್ದು ಅಸಾಧ್ಯ. ಇವುಗಳ ನಡುವೆ ಇನ್ನೊಂದಿದೆ. ಅದಕ್ಕೆ ಯಾಪ್ಯವೆಂದು ಹೆಸರು. ಯಾಪ್ಯರೋಗವು ಬಿಟ್ಟುಹೋಗುವದಿಲ್ಲ, ಕೂಡಲೆ ಕೊಲ್ಲುವದೂ ಇಲ್ಲ. ಔಷಧ-ಪಥ್ಯಗಳು ನಡೆದಿರುವವರೆಗೆ ರೋಗಿಯು ಎಲ್ಲರಂತೆ ಬಾಳುವನು. ಅವು ತಪ್ಪಿದರೆ ಬೀಳುವನು. ಬೀಳಲಿರುವ ಮನೆಗೆ ಸರಿಯಾದ ಎಡೆಯಲ್ಲಿ ಆಸರೆಗಂಬವನ್ನು ಕೊಟ್ಟರೆ ಅದು ಹೇಗೆ ನಿಲ್ಲುವದೋ ಹಾಗೆ, ಎಂದು ಸುಶ್ರುತಸಂಹಿತೆಯು ಇದಕ್ಕೆ ಹೋಲಿಕೆಯನ್ನು ಕೊಟ್ಟಿದೆ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಉಪಮಾಲಂಕಾರಕ್ಕೆ ಉದಾಹರಣೆಯೆಂದು ಈ ಮಾತನ್ನು ಹೇಳುತ್ತಿದ್ದರು. ಆಗ ನಾನು ಅಲಂಕಾರವನ್ನು ಮಾತ್ರ ತಿಳಿದುಕೊಂಡೆನು. ಅರ್ಥವು ತಿಳಿದದ್ದು ಅರವತ್ತು ದಾಟಿದ ಮೇಲೆ, ಅದೂ ಮನೆಯಲ್ಲಿ.

ನನ್ನ ಮೊಮ್ಮಗಳಿಗೆ ಈಗ ಹದಿನಾಲ್ಕು ವರ್ಷ. ಹನ್ನೊಂದನೆಯ ವರ್ಷದಲ್ಲಿ ಅವಳಿಗೆ ಮಧುಮೇಹವು ಕಾಣಿಸಿಕೊಂಡಿತು. ನಮ್ಮಂಥ ಮುದುಕರಿಗೆ ಸಾಮಾನ್ಯವಾಗಿ ಬರುವ ಬಗೆಯದಲ್ಲ. ಇನ್ಸುಲಿನ್ ಎಂಬ ರಸವು ಮೈಯೊಳಗೆ ಹುಟ್ಟುವದೇ ನಿಂತುಹೋಗುವ ಬಗೆಯದು. ದಿನಕ್ಕೆ ನಾಲ್ಕು ಸಲ ಸೂಜಿ. ಊಟದ ಮೊದಲು ಬೆರಳನ್ನು ಚುಚ್ಚಿ ರಕ್ತದ ಪರೀಕ್ಷೆ. ತಟ್ಟೆಯಲ್ಲಿ ಎಷ್ಟು ರೊಟ್ಟಿ, ಎಷ್ಟು ಅನ್ನವೆಂಬ ಲೆಕ್ಕ. ಇಷ್ಟು ನಡೆದರೆ ಅವಳು ಶಾಲೆಗೆ ಹೋಗುವಳು, ಜಗಳಾಡುವಳು, ಖೋ-ಖೋ ಆಡುವಳು. ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತು ಅವಳು ಕೇಳಿದಳು: “ಅಜ್ಜಾ, ನನ್ನಂಥಾ ಹುಡುಗೀ ಕಥಿ ಒಂದರೆ ಇಲ್ಲೇನ ಇದರಾಗ? ಕಡೀಕ ಆಕಿ ಸಾಯಬಾರದು, ಗುಣಾನೂ ಆಗಬಾರದು.”

ನಾಲ್ವತ್ತು ವರ್ಷ ಕೂಡಿಹಾಕಿದ ಗ್ರಂಥಗಳಲ್ಲಿ ಹುಡುಕಿದೆನು. ಕಾಣಲಿಲ್ಲ. ಯಾಕೆ ಕಾಣಲಿಲ್ಲವೆಂಬದರ ವಿಚಾರವೇ ಈ ಲೇಖನವು.

ಮೊದಲು ಹಳೆಯ ಗ್ರಂಥಗಳನ್ನು ನೋಡೋಣ. ಮಹಾಭಾರತದ ವನಪರ್ವದಲ್ಲಿ ಬರುವ ಅಷ್ಟಾವಕ್ರನು ಎಳೆಹರೆಯದ ಕಥಾನಾಯಕರಲ್ಲಿ ಅಗ್ರಗಣ್ಯನು. ಮೈಯಲ್ಲಿ ಎಂಟು ಡೊಂಕು, ವಯಸ್ಸು ಹನ್ನೆರಡು. ಜನಕನ ಯಜ್ಞಶಾಲೆಯ ದ್ವಾರಪಾಲನು ಹುಡುಗನೆಂದು ತಡೆದಾಗ ಅವನೊಡನೆ ವಾದಿಸಿ ಒಳಹೊಕ್ಕು, ಬಂದಿಯೆಂಬ ಪಂಡಿತನನ್ನು ಸೋಲಿಸಿ, ಅವನಿಂದ ನೀರುಪಾಲಾಗಿದ್ದ ತಂದೆಯನ್ನು ಬಿಡಿಸಿಕೊಳ್ಳುವನು. ಇಲ್ಲಿಯ ವರೆಗೆ ಕಥೆಗೆ ಸಾಟಿಯಿಲ್ಲ. ಯಾತಕ್ಕೆಂದರೆ ಡೊಂಕುಮೈಯು ಡೊಂಕಾಗಿಯೇ ಇದ್ದು ಸಭೆಯನ್ನು ಗೆದ್ದಿದೆ. ಆದರೆ ಮುಂದೆ ತಂದೆಯ ಮಾತಿನಂತೆ ಅವನು ಸಮಂಗಾನದಿಯಲ್ಲಿ ಮುಳುಗಬೇಕಾಗುವದು. ಎದ್ದು ಬರುವಾಗ ಅವಯವಗಳೆಲ್ಲ ನೆಟ್ಟಗಾಗಿರುವವು. ಜನಕನ ಸಭೆಗೆ ಸಾಕಾದ ಮೈ ತಂದೆಯ ಮನೆಗೆ ಸಾಲದಾಯಿತೇ ಎಂದು ಭಕ್ತಿಪೂರ್ವಕವಾಗಿಯೇ ಕೇಳಬೇಕೆನಿಸುವದು. ನಮ್ಮ ಸವದತ್ತಿಯ ಜೋಗುಳಬಾವಿಯ ಐತಿಹ್ಯವೂ ಇದೇ ಜಾತಿಯದು. ಜಮದಗ್ನಿಯ ಶಾಪದಿಂದ ಮೈಯೆಲ್ಲ ಹುಣ್ಣಾದ ರೇಣುಕೆಯು ಏಕಯ್ಯ-ಜೋಗಯ್ಯರ ಉಪದೇಶದಂತೆ ಅಲ್ಲಿ ಮಿಂದು ಮೊದಲಿನ ರೂಪವನ್ನು ಪಡೆದಳೆಂದು ಜನರು ಹೇಳುವರು. ಇವೆರಡೂ ಸಾಧ್ಯದ ಕಥೆಗಳು.

ಕನ್ನಡದ ಹಳೆಯ ಗದ್ಯಗ್ರಂಥವಾದ ವಡ್ಡಾರಾಧನೆಯಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆಯು ಬೇರೆ ತೆರನದು. ತಪಸ್ಸಿನಲ್ಲಿರುವ ಅವನ ಮೈಗೆ ರೋಗಗಳು ಮುತ್ತಿದಾಗ ದೇವತೆಯು ವೈದ್ಯವೇಷದಿಂದ ಬಂದು ಗುಣಪಡಿಸುವೆನೆನ್ನುವನು. ಹುಟ್ಟುಸಾವೆಂಬ ರೋಗವನ್ನು ನೀಗಬಲ್ಲೆಯಾದರೆ ಹೇಳೆಂದು ಅವನು ಮರುಮಾತು ಕೊಡುವನು. ಇಲ್ಲಿ ರೋಗವು ಆತ್ಮವನ್ನು ಮಸೆಯುವ ಸಾಣೆಗಲ್ಲು. ವಿರಕ್ತನಾದ ಚಕ್ರವರ್ತಿಗೆ ಒಪ್ಪುವ ಈ ಮಾತು ಒಂಬತ್ತನೆಯ ಇಯತ್ತೆಯ ಹುಡುಗಿಗೆ ಒಪ್ಪುವದಿಲ್ಲ. ಅವಳು ಏನನ್ನೂ ತ್ಯಜಿಸಿಲ್ಲ. ಎಲ್ಲವನ್ನೂ ಇನ್ನು ಮುಂದೆ ಪಡೆಯತಕ್ಕವಳು.

ಕಾಳಿದಾಸನ ರಘುವಂಶದ ಹತ್ತೊಂಬತ್ತನೆಯ ಸರ್ಗವು ಅಸಾಧ್ಯದ ಕಥೆಯು. ಭೋಗದಲ್ಲಿ ಮುಳುಗಿದ ತರುಣ ಅರಸು ಅಗ್ನಿವರ್ಣನು ರಾಜಯಕ್ಷ್ಮದಿಂದ ಸಾಯುವನು. ಈ ಸರ್ಗದಲ್ಲಿ ಒಂದು ಸಂಗತಿಯನ್ನು ನಾನು ಅನೇಕ ಸಲ ಪಾಠ ಹೇಳಿಯೂ ಗಮನಿಸಿರಲಿಲ್ಲ. ಅರಸನು ಕಾಣಿಸಿಕೊಳ್ಳದಿರಲು, ಅವನು ಪುತ್ರಪ್ರಾಪ್ತಿಗಾಗಿ ವ್ರತದಲ್ಲಿರುವನೆಂದು ಹೇಳಿ ಮಂತ್ರಿಗಳು ಪ್ರಜೆಗಳಿಂದ ರೋಗವನ್ನು ಮುಚ್ಚಿಡುವರು. ಸತ್ತ ಮೇಲೆಯೂ ಅರಮನೆಯ ತೋಟದಲ್ಲಿಯೇ ಗುಟ್ಟಾಗಿ ಸುಡುವರು. ಮೊಮ್ಮಗಳ ಬೇನೆಯು ತಿಳಿದ ವಾರದಲ್ಲಿಯೇ ನಮ್ಮ ಬಳಗದ ಹಿರಿಯರೊಬ್ಬರು ನನ್ನ ಕಿವಿಯಲ್ಲಿ ಹೇಳಿದರು: “ಮಾಸ್ತರ್ರ, ಹೊರಗ ಹೇಳಬ್ಯಾಡ್ರಿ, ನಾಳೆ ಹುಡುಗಿ ಮದಿವಿ ಆಗಬೇಕು.” ನಾನು ಒಪ್ಪಿದೆನು. ಎರಡು ವರ್ಷ ನೆರೆಹೊರೆಗೆ, “ರಕ್ತ ಕಡಿಮಿ ಅದ, ಅದಕ್ಕ ಸೂಜಿ” ಎಂದು ಹೇಳಿದೆನು. ಅಗ್ನಿವರ್ಣನ ಮಂತ್ರಿಗಳು ರಾಜ್ಯಕ್ಕಾಗಿಯಾದರೂ ಸುಳ್ಳಾಡಿದರು. ನಾನು ಹದಿಮೂರು ವರ್ಷದ ಹುಡುಗಿಗೆ, ನಿನ್ನ ಮೈ ನಾಚಿಕೆಗೇಡೆಂದು ಬಾಯಿಬಿಡದೆ ಕಲಿಸಿದೆನು. ಮನೆಯಲ್ಲಿ ಮುಚ್ಚಿಟ್ಟದ್ದು ಕಥೆಯಲ್ಲಿ ಎಲ್ಲಿಂದ ಬರಬೇಕು? ನಮ್ಮ ಸಾಹಿತ್ಯದ ಮೌನಕ್ಕೆ ನಮ್ಮ ಪಡಸಾಲೆಯ ಮೌನವೇ ಮೂಲವು.

ಈ ನಾಚಿಕೆಯ ಬೇರು ಕರ್ಮವಿಪಾಕದ ನಂಬಿಕೆಯಲ್ಲಿದೆ. ಇಂಥ ಪಾಪಕ್ಕೆ ಇಂಥ ರೋಗವೆಂದು ಪಟ್ಟಿ ಕೊಡುವ ಗ್ರಂಥಗಳನ್ನು ನಾನೂ ಓದಿರುವೆನು. ಅವು ರೋಗಿಯನ್ನು ಅಪರಾಧಿಯ ಕಟ್ಟೆಯಲ್ಲಿ ನಿಲ್ಲಿಸುವವು. ಇದಕ್ಕೆ ತಕ್ಕ ಉತ್ತರವನ್ನು ಮಲೆಯಾಳದ ಒಂದು ಕಾದಂಬರಿಯು ಕೊಟ್ಟಿದೆ. ಅಂಬಿಕಾಸುತನ್ ಮಾಂಗಾಡರು ೨೦೦೯ರಲ್ಲಿ ಪ್ರಕಟಿಸಿದ ‘ಎಣ್ಮಕಜೆ’ಯ ಭೂಮಿಯು ಕನ್ನಡ-ತುಳು ಮಾತಿನ ಜನರಿರುವ ಕಾಸರಗೋಡಿನ ಹಳ್ಳಿಯು. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಿದ್ದರಿಂದ ಅಲ್ಲಿಯ ಮಕ್ಕಳ ಮೈ-ಮನಗಳಿಗೆ ಆದ ಹಾನಿಯೇ ಅದರ ವಸ್ತುವು. ಜನರು ದೈವದ ಮುನಿಸೆಂದು ತಿಳಿದದ್ದು ಮನುಷ್ಯರ ಕೆಲಸವೆಂದು ಬಯಲಾಗುವದು. ಆ ವಿಷವನ್ನು ಸುಪ್ರೀಮ್ ಕೋರ್ಟು ೨೦೧೧ರಲ್ಲಿ ದೇಶದಲ್ಲೆಲ್ಲ ನಿಲ್ಲಿಸಿತು. ಆದರೆ ಈ ಕಾದಂಬರಿಯು ದೊಡ್ಡವರ ಹೋರಾಟದ ಕಥೆಯು. ಬೇನೆಬಿದ್ದ ಮಕ್ಕಳು ಅದರಲ್ಲಿ ಸಾಕ್ಷಿಗಳು, ನಾಯಕರಲ್ಲ. ನಮ್ಮ ಕಡೆಯ ಕಿತ್ತೂರಿನ ನಾಟಕಗಳಲ್ಲಿಯೂ ನಾನು ನೋಡಿದಷ್ಟರ ಮಟ್ಟಿಗೆ ಇದೇ ಪರಿಯು. ೧೮೨೪ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ ಶಿವಲಿಂಗರುದ್ರಸರ್ಜನ ಬೇನೆಯು ದತ್ತಕದ ವ್ಯಾಜ್ಯಕ್ಕೆ ಮೆಟ್ಟಲಾಗುವದು. ಪರದೆ ಸರಿದ ಕೂಡಲೆ ಆ ರೋಗಿಯನ್ನು ಯಾರೂ ನೆನೆಯುವದಿಲ್ಲ.

ಬೇನೆಬಿದ್ದ ಹುಡುಗನನ್ನೇ ನಡುವೆ ಕುಳ್ಳಿರಿಸಿದ ಭಾರತೀಯ ಕೃತಿಗಳಲ್ಲಿ ರವೀಂದ್ರನಾಥ ಠಾಕೂರರ ‘ಡಾಕಘರ’ವು ಶ್ರೇಷ್ಠವಾದದ್ದು. ಅದು ಪ್ರಕಟವಾದದ್ದು ೧೯೧೨ರಲ್ಲಿ. ಅಮಲನೆಂಬ ಬಾಲಕನನ್ನು ಹೊರಗೆ ಬಿಡಕೂಡದೆಂದು ವೈದ್ಯನ ಕಟ್ಟಪ್ಪಣೆ. ಕಿಟಕಿಯಲ್ಲಿ ಕುಳಿತ ಅವನು ಮೊಸರು ಮಾರುವವನನ್ನು, ಗಂಟೆ ಬಾರಿಸುವ ಕಾವಲುಗಾರನನ್ನು, ಹೂವಿನ ಹುಡುಗಿ ಸುಧೆಯನ್ನು ಮಾತಿಗೆಳೆದು, ಅವರವರ ಕೆಲಸವು ಎಷ್ಟು ಸೊಗಸೆಂದು ಅವರಿಗೇ ತಿಳಿಯಪಡಿಸುವನು. ಅರಸನಿಂದ ತನಗೊಂದು ಪತ್ರವು ಬರುವದೆಂದು ಕಾಯುವನು. ಅಮಲನು ಯಾರ ಕನಿಕರವನ್ನೂ ಬೇಡುವದಿಲ್ಲ. ಅವನಿಗೆ ಬೇಕಾದದ್ದು ಲೋಕವು. ರವೀಂದ್ರರು ಈ ಸಂಗತಿಯನ್ನು ಊಹೆಯಿಂದ ಬರೆದವರಲ್ಲ. ಅವರ ಮಗಳು ರೇಣುಕೆಯು ಕ್ಷಯದಿಂದ ೧೯೦೩ರಲ್ಲಿ ತೀರಿಕೊಂಡಳು. ಗಾಳಿ ಬದಲಾಗಲೆಂದು ಅವಳನ್ನು ಆಲ್ಮೋಡದ ಬೆಟ್ಟಕ್ಕೆ ಕರೆದೊಯ್ದವರು ಅವರೇ.

ಈ ನಾಟಕದ ವೈದ್ಯನು ಮಾತೆತ್ತಿದರೆ ಸಂಸ್ಕೃತ ಶಾಸ್ತ್ರವನ್ನು ಉದ್ಧರಿಸುವನು. ಅವನನ್ನು ಕಂಡು ಪ್ರೇಕ್ಷಕರು ನಗುವರು, ನಾನು ನಗಲಾರೆನು. ಮಾಸ್ತರಿಕೆಯ ಕಾಲದಲ್ಲಿ ನನ್ನ ವರ್ಗದಲ್ಲಿ ಮೂರ್ಛೆರೋಗದ ಒಬ್ಬ ಹುಡುಗನಿದ್ದನು. ಅವನ ಮೇಲಿನ ದಯೆಯಿಂದಲೇ ಅವನನ್ನು ಬಾಗಿಲ ಹತ್ತಿರ ಕೂಡಿಸಿದೆನು. ಸೊಗಲದ ಜಲಪಾತಕ್ಕೆ ಹುಡುಗರನ್ನು ಒಯ್ಯುವಾಗ ಅವನನ್ನು ಬಿಟ್ಟುಹೋದೆನು. ಪ್ರಶ್ನೆ ಕೇಳಿದರೆ ಗಾಬರಿಯಾದಾನೆಂದು ಪ್ರಶ್ನೆಯನ್ನೇ ಕೇಳದಾದೆನು. ಒಂದು ವರ್ಷದಲ್ಲಿ ಅವನು ಶಾಲೆಯನ್ನು ಬಿಟ್ಟನು. ಅವನನ್ನು ಬಿಡಿಸಿದ್ದು ಮೂರ್ಛೆಯಲ್ಲ, ನನ್ನ ದಯೆಯು. ಕಿಟಕಿಗಳನ್ನೆಲ್ಲ ತೆರೆಯಿರೆಂದು ರಾಜವೈದ್ಯನು ಕಡೆಯ ಅಂಕದಲ್ಲಿ ಹೇಳುವನು. ಆಗ ಅಮಲನು ಕೊನೆಯ ನಿದ್ದೆಗೆ ಇಳಿಯುತ್ತಿರುವನು. ತೆರೆಯಬೇಕಾದದ್ದು ಮೊದಲನೆಯ ಅಂಕದಲ್ಲಿ!

ಆದರೂ ‘ಡಾಕಘರ’ವು ಅಸಾಧ್ಯದ ನಾಟಕವೇ ಸರಿ, ೧೯೧೨ರಲ್ಲಿ ಅದು ಪ್ರಾಮಾಣಿಕವಾಗಿದ್ದಿತು. ಮಧುಮೇಹವನ್ನೇ ತೆಗೆದುಕೊಳ್ಳಿರಿ. ಪ್ರಮೇಹಗಳಲ್ಲಿ ಕಫಜವು ಸಾಧ್ಯ, ಪಿತ್ತಜವು ಯಾಪ್ಯ, ವಾತಜವು ಅಸಾಧ್ಯವೆಂದು ಚರಕಸಂಹಿತೆಯ ನಿರ್ಣಯವು. ಮಧುಮೇಹವು ವಾತಜದಲ್ಲಿ ಸೇರಿದ್ದು. ನನ್ನ ಮೊಮ್ಮಗಳಿಗಿರುವ ಬಗೆಯು ಬಂದ ಮಕ್ಕಳು ಬಹುತರವಾಗಿ ಕೆಲವು ತಿಂಗಳುಗಳಲ್ಲಿ, ಹೆಚ್ಚೆಂದರೆ ಒಂದೆರಡು ವರ್ಷಗಳಲ್ಲಿ ಸೊರಗಿ ಸಾಯುತ್ತಿದ್ದರು. ೧೯೨೨ರ ಜನವರಿ ೧೧ರಂದು ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ನಿನ ಮೊದಲನೆಯ ಸೂಜಿಯನ್ನು ಹಾಕಿದರು. ಅದು ಶುದ್ಧವಾಗಿರದ್ದರಿಂದ ಫಲಿಸಲಿಲ್ಲ. ಶುದ್ಧಗೊಳಿಸಿ ಅದೇ ತಿಂಗಳ ೨೩ರಂದು ಮತ್ತೆ ಕೊಡಲು ಅವನು ಚೇತರಿಸಿಕೊಂಡನು. ಮುಂದೆ ಹದಿಮೂರು ವರ್ಷ ಬದುಕಿದನು. ಸೂಜಿ ಹಾಕಿಸಿಕೊಂಡಾಗ ಅವನ ವಯಸ್ಸು ಹದಿನಾಲ್ಕು. ಆ ದಿವಸ ಒಂದು ರೋಗವು ಅಸಾಧ್ಯದ ಪಟ್ಟಿಯಿಂದ ಯಾಪ್ಯದ ಪಟ್ಟಿಗೆ ಬಂದಿತು. ಆಮೇಲೆ ಇನ್ನೂ ಎಷ್ಟೋ ರೋಗಗಳು ಹಾಗೆಯೇ ಬಂದಿರುವವು. ವೈದ್ಯರು ಪಟ್ಟಿಯನ್ನು ತಿದ್ದಿದರು. ಕಥೆಗಾರರು ಇನ್ನೂ ತಿದ್ದಿಲ್ಲ.

ಪಶ್ಚಿಮದಲ್ಲಿ ಎಳೆಹರೆಯದವರಿಗೆಂದೇ ಬರೆಯುವ ಕಾದಂಬರಿಗಳ ಒಂದು ಶಾಖೆಯು ಬೆಳೆದಿದೆ. ಅವುಗಳಲ್ಲಿ ಜಾನ್ ಗ್ರೀನ್ ಎಂಬ ಅಮೇರಿಕದ ಲೇಖಕನ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ (೨೦೧೨) ನಮ್ಮ ಮಕ್ಕಳಿಗೂ ಗೊತ್ತು. ೨೦೨೦ರಲ್ಲಿ ಅದರಿಂದ ‘ದಿಲ್ ಬೇಚಾರಾ’ ಎಂಬ ಹಿಂದೀ ಚಿತ್ರವಾಯಿತು. ಹೇಝಲಳೆಂಬ ಹದಿನಾರು ವರ್ಷದ ಹುಡುಗಿಗೆ ಅರ್ಬುದರೋಗ. ಮೂಗಿಗೆ ಆಮ್ಲಜನಕದ ನಳಿಗೆ. ಲೇಖಕನೇ ಕಲ್ಪಿಸಿದ ಒಂದು ಔಷಧವು ಅವಳನ್ನು ನಿಲ್ಲಿಸಿ ಹಿಡಿದಿದೆ. ಅಂದರೆ ಅವಳು ಯಾಪ್ಯದಲ್ಲಿರುವಳು. ಈ ಪುಸ್ತಕದ ದೊಡ್ಡ ಗುಣವು ಅದರ ನಗೆಯು. ರೋಗಿಯೆಂದರೆ ಸಂತಳಾಗಬೇಕು, ಎಲ್ಲರಿಗೂ ಧೈರ್ಯ ಹೇಳಬೇಕು ಎಂಬ ಕಟ್ಟಳೆಯನ್ನು ಹೇಝಲಳು ಮುರಿಯುವಳು. ಸಿಟ್ಟಾಗುವಳು, ಚುಚ್ಚಿ ಮಾತಾಡುವಳು. ಆದರೆ ಕಥೆಯು ಅರ್ಧ ದಾರಿಯಲ್ಲಿ ಹಳೆಯ ಗಾಡಿಯ ಜಾಡಿಗೆ ಬೀಳುವದು. ಅವಳ ಪ್ರಿಯನಾದ ಆಗಸ್ಟಸನ ರೋಗವು ಮರುಕಳಿಸಿ ಅವನು ಸಾಯುವನು; ವಾಚಕನ ಕಣ್ಣೀರು ಅಲ್ಲಿ ಹರಿದು ಮುಗಿಯುವದು. ಹೇಝಲಳ ಮುಂದಿನ ಸೋಮವಾರವು ಹೇಗಿತ್ತು? ಅವಳು ಪರೀಕ್ಷೆಗೆ ಕುಳಿತಳೇ? ಮೆಚ್ಚಿದ ಕಾದಂಬರಿಯ ಪಾತ್ರಗಳು ಮುಂದೆ ಏನಾದವೆಂದು ಕೇಳಲು ಅವಳು ಅದರ ಲೇಖಕನನ್ನು ಹುಡುಕಿ ಆಮ್ಸ್ಟರ್‌ಡ್ಯಾಮಿನ ವರೆಗೆ ಹೋಗುವಳು. ಅವಳನ್ನು ಕುರಿತು ಅದೇ ಪ್ರಶ್ನೆಯನ್ನು ನನ್ನ ಮೊಮ್ಮಗಳು ಕೇಳಿದಳು. ಉತ್ತರವು ಪುಸ್ತಕದಲ್ಲಿಲ್ಲ.

ಇನ್ನು ನಮ್ಮ ಕನ್ನಡ. ಬೇನೆಯನ್ನು ಅರಿವಿನಿಂದ ಕಾದಂಬರಿಗೆ ತಂದವರಲ್ಲಿ ತ್ರಿವೇಣಿಯವರ (೧೯೨೮–೧೯೬೩) ಹೆಸರನ್ನು ಗೌರವದಿಂದ ಹೇಳಬೇಕು. ಅವರ ‘ಶರಪಂಜರ’ವನ್ನು ೧೯೭೧ರ ಚಲಚ್ಚಿತ್ರದ ಮೂಲಕ ಓದದವರೂ ಬಲ್ಲರು. ಬಾಣಂತಿತನದಲ್ಲಿ ಮನಸ್ಸು ಕೆಟ್ಟ ಕಾವೇರಿಯು ಗುಣವಾಗಿ ಮನೆಗೆ ಬರುವಳು; ಮನೆಯೂ ನೆರೆಯೂ ಅವಳನ್ನು ಗುಣವಾದವಳೆಂದು ನಂಬುವದಿಲ್ಲ; ಆ ಅಪನಂಬಿಕೆಯೇ ಅವಳನ್ನು ಮತ್ತೆ ಕೆಡಹುವದು. ಸುಶ್ರುತನ ಹೋಲಿಕೆಯಲ್ಲಿ ಹೇಳುವದಾದರೆ, ಮನೆಯು ನಿಂತಿತ್ತು; ಆಸರೆಗಂಬವನ್ನು ಬಳಗದವರು ಕಿತ್ತರು. ಬೇನೆಯ ಆಮೇಲಿನ ದಿನಗಳೇ ನಿಜವಾದ ಕಥೆಯೆಂದು ತೋರಿಸಿದ ಈ ಕೃತಿಗೆ ಕನ್ನಡವು ಋಣಿಯಾಗಿದೆ. ನಮ್ಮ ಕಾಲದಲ್ಲಿ ಭಾರತಿ ಬಿ. ವಿ. ಅವರು ತಮ್ಮ ಅರ್ಬುದರೋಗದ ಅನುಭವವನ್ನು ‘ಸಾಸಿವೆ ತಂದವಳು’ ಎಂಬ ಪುಸ್ತಕದಲ್ಲಿ ನಗುನಗುತ್ತ ಬರೆದಿರುವರು. ಸಾವಿಲ್ಲದ ಮನೆಯ ಸಾಸಿವೆಯನ್ನು ಹುಡುಕಿ ಬರಿಗೈಯಿಂದ ಬಂದ ಕಿಸಾಗೋತಮಿಯ ಕಥೆಯನ್ನು ಬಲ್ಲವರಿಗೆ ಆ ಹೆಸರಿನ ಕೆಚ್ಚು ತಿಳಿಯದಿರದು. ಆದರೆ ಕಾವೇರಿಯು ಗೃಹಿಣಿಯು, ಭಾರತಿಯವರು ಪ್ರೌಢರು. ಹದಿನಾಲ್ಕರ ಹುಡುಗಿಯು ತನ್ನ ಬಾಯಿಂದ ತನ್ನ ಯಾಪ್ಯವನ್ನು ಹೇಳುವ ಕನ್ನಡ ಕಾದಂಬರಿಯು ನನ್ನ ಓದಿನಲ್ಲಿ ದೊರೆತಿಲ್ಲ.

ಯಾಪ್ಯದಲ್ಲಿ ಕಥೆಯಾದರೂ ಎಲ್ಲಿದೆ, ಅದಕ್ಕೆ ಏರಿಲ್ಲ, ಇಳಿವಿಲ್ಲ, ಮುಕ್ತಾಯವಿಲ್ಲ, ನಿತ್ಯವೂ ಅದೇ ಸೂಜಿ, ಅದೇ ಪಥ್ಯ, ಎಂದು ಕೆಲವರು ಆಕ್ಷೇಪಿಸಬಹುದು. ಅಂಥವರು ರಾತ್ರಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಲಿ. ದಕ್ಷನ ಶಾಪದಿಂದ ಚಂದ್ರನಿಗೆ ಕ್ಷಯವು ಬಂದಿತು. ದೇವತೆಗಳು ಬೇಡಿಕೊಂಡರೂ ಶಾಪವು ಪೂರಾ ಹೋಗಲಿಲ್ಲ. ಹದಿನೈದು ದಿನ ಸವೆಯುವದು, ಹದಿನೈದು ದಿನ ಬೆಳೆಯುವದು ಎಂದು ನಿರ್ಣಯವಾಯಿತು. ಅವನು ಸಾಯಲಿಲ್ಲ, ಗುಣವೂ ಆಗಲಿಲ್ಲ; ಆ ರೋಗಿಯ ಲೆಕ್ಕದಿಂದಲೇ ನಾವು ಹುಣ್ಣಿಮೆ-ಅಮಾವಾಸ್ಯೆಗಳನ್ನು ಆಚರಿಸುವೆವು. ಯಾಪ್ಯದ ಕಥೆಯು ನಮ್ಮ ಪುರಾಣದಲ್ಲಿ ಇಲ್ಲವೆಂದಲ್ಲ. ನಮ್ಮ ತಲೆಯ ಮೇಲೆಯೇ ಇದ್ದದ್ದನ್ನು ನಾವು ರೋಗಿಯ ಕಥೆಯೆಂದು ಓದಲಿಲ್ಲ.

ಏರಿಳಿತಗಳು ಬೇಕೆನ್ನುವವರಿಗೆ ಒಂದು ಪ್ರಸಂಗವನ್ನು ಒಪ್ಪಿಸುವೆನು. ಹಿಂದಿನ ವರ್ಷ ಭರತಹುಣ್ಣಿಮೆಗೆ ನಾವೆಲ್ಲರೂ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ಸಾಲಿನಲ್ಲಿ ಹೊತ್ತು ಬಹಳವಾಗಿ ಊಟವು ತಡವಾಯಿತು. ಮೊಮ್ಮಗಳ ಕೈ ನಡುಗಹತ್ತಿದವು, ಹಣೆಯಲ್ಲಿ ಬೆವರೊಡೆಯಿತು, ಮಾತು ತೊದಲಿತು. ರಕ್ತದಲ್ಲಿ ಸಕ್ಕರೆಯು ಇಳಿದರೆ ಹೀಗಾಗುವದು. ಸುತ್ತಲಿನ ಹೆಂಗಸರು “ಉಧೋ ಉಧೋ” ಎಂದರು. ಒಬ್ಬ ಮುದುಕಿಯು ಅವಳ ಹಣೆಗೆ ಭಂಡಾರ ಹಚ್ಚಿ, ಮೈಮೇಲೆ ತಾಯಿ ಬಂದಳೆಂದು ಕಾಲಿಗೆರಗಿದಳು. ಆ ಗದ್ದಲದಲ್ಲಿ ನನಗೆ ಹೇಳಬೇಕಾಗಿತ್ತು: ಇದು ತಾಯಿಯಲ್ಲ, ಸಕ್ಕರೆಬೇನೆ, ದಾರಿ ಬಿಡಿರಿ ಎಂದು. ಎರಡು ವರ್ಷ ಮುಚ್ಚಿಟ್ಟ ಬಾಯಿ ಆ ಗಳಿಗೆಯಲ್ಲಿಯೂ ತೆರೆಯಲಿಲ್ಲ. ಹುಡುಗಿಯ ತಾಯಿಯೇ ಗಟ್ಟಿಯಾಗಿ ಕೂಗಿ ಹೇಳಿ, ಗುಂಪನ್ನು ಸೀಳಿ ಬಂದು, ಬೆಲ್ಲವನ್ನು ಬಾಯಿಗೆ ಹಾಕಿದಳು. ಹತ್ತು-ಹದಿನೈದು ನಿಮಿಷಗಳಲ್ಲಿ ಹುಡುಗಿಯು ಎದ್ದು ಕುಳಿತು, ಹಣೆಯ ಭಂಡಾರವನ್ನು ಮುಟ್ಟಿ ನೋಡಿಕೊಂಡು ನಕ್ಕಳು: “ಅಜ್ಜಾ, ನಾ ಸ್ವಲ್ಪ ಹೊತ್ತು ದೇವಿ ಆಗಿದ್ನಲ್ಲಾ!”

ದಿನವೂ ಬೇಡವೆಂದು ದೂರವಿಟ್ಟ ಸಿಹಿಯೇ ಆ ಗಳಿಗೆಯಲ್ಲಿ ಅಮೃತವಾಗುವದು. ಪೂಜಿಸುವ ಕೈಗಳೇ ಪ್ರಾಣಕ್ಕೆ ಅಡ್ಡವಾಗುವವು. ಅಜ್ಜನ ಅಂಜಿಕೆ, ತಾಯಿಯ ಕೂಗು, ಮಗುವಿನ ನಗೆ. ಇದಕ್ಕಿಂತ ಹೆಚ್ಚಿನ ಸಂವಿಧಾನವು ಯಾವ ಕಾದಂಬರಿಕಾರನಿಗೆ ಬೇಕು?

ಆದುದರಿಂದ ನಮ್ಮ ತರುಣ ಲೇಖಕರಲ್ಲಿ ನನ್ನ ಬಿನ್ನಹವಿಷ್ಟೇ. ರೋಗಿಯಾದ ಹುಡುಗಿಯನ್ನು ದೇವಿಯನ್ನಾಗಿ ಮಾಡಬೇಡಿರಿ, ಬಲಿಯನ್ನಾಗಿಯೂ ಮಾಡಬೇಡಿರಿ. ರೋಗವು ಅವಳ ದಿನಚರಿಯಲ್ಲಿರಲಿ, ಅವಳ ಹೆಸರಾಗದಿರಲಿ. ವೈದ್ಯವನ್ನು ತಿಳಿದುಕೊಂಡು ಬರೆಯಿರಿ. ಔಷಧದ ಸೀಸೆಯನ್ನು ಫ್ರಿಜ್ಜಿಲ್ಲದ ಮನೆಯವರು ನೀರಿನ ಮಡಕೆಯ ತಂಪಿನಲ್ಲಿ ಹೇಗೆ ಕಾಯುವರೆಂಬದು ಒಂದು ಸುಭಾಷಿತಕ್ಕಿಂತ ಹೆಚ್ಚು ಹೇಳುವದು. ಮದುವೆಯ ಮನೆಯಲ್ಲಿ ಹೋಳಿಗೆಯನ್ನು ಒತ್ತಾಯ ಮಾಡುವ ಅತ್ತೆಯೂ, ಬೇನೆಯನ್ನು ಮುಚ್ಚಿಡೆನ್ನುವ ಹಿರಿಯರೂ, ಬಾಗಿಲ ಹತ್ತಿರ ಕೂಡಿಸುವ ಮಾಸ್ತರನೂ ಕಥೆಯಲ್ಲಿ ಬರಲಿ. ಕಥೆಯು ಮುಗಿಯುವಾಗ ಅವಳು ಸಾಯದಿರಲಿ, ನದಿಯಲ್ಲಿ ಮುಳುಗಿ ನೆಟ್ಟಗಾಗದಿರಲಿ. ಮರುದಿನದ ಸೂಜಿಯನ್ನು ಹಾಕಿಕೊಂಡು ಶಾಲೆಯ ದಾರಿಯನ್ನು ಹಿಡಿಯಲಿ.

ಈ ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ಮೊಮ್ಮಗಳಿಗೆ ಓದಿ ತೋರಿಸಿ ಅವಳ ಒಪ್ಪಿಗೆಯನ್ನು ಕೇಳಿದೆನು. ನೆರೆಹೊರೆಗೆ ಹೇಳಿದ ಸುಳ್ಳನ್ನು ಇಲ್ಲಿ ಹಿಂದೆಗೆದುಕೊಂಡಿರುವದನ್ನೂ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಕಸು ಅಜ್ಜಾ. ಆದರ ಇದೂ ನಿನ್ನ ಕಥೀನ ಆತು, ನನ್ನ ಕಥಿ ನಾನ ಬರೀತೀನಿ” ಎಂದಳು. ವಿಮರ್ಶಕನಿಗೆ ಇದಕ್ಕಿಂತ ನ್ಯಾಯವಾದ ವಿಮರ್ಶೆಯು ದೊರೆಯಲಾರದು.